ಪ್ರಶ್ನೆಪತ್ರಿಕೆಯ ಕನ್ನಡ ಮತ್ತು ಪರೀಕ್ಷಾ ಕಾಲದ ತರಗತಿ

ಕೇರಳದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಮೊದಲ 15 ನಿಮಿಷ ವಿದ್ಯಾರ್ಥಿಯು ಉತ್ತರ ಬರೆಯುವಂತಿಲ್ಲ. ಪ್ರಶ್ನೆಗಳನ್ನು ಓದಬೇಕು, ಯಾವುದನ್ನು ಮೊದಲು ಬರೆಯುವುದೆಂದು ತೀರ್ಮಾನಿಸಬೇಕು. ಕೂಲ್ ಆಫ್ ಟೈಮ್ ಎಂಬ ಹೆಸರಿನ ಈ ಅವಧಿಯನ್ನು ಮಕ್ಕಳು ಮನಸ್ಸಿನ ಗಾಬರಿ ಕಳೆದುಕೊಳ್ಳುವ ಸಮಯವೆಂದಷ್ಟೇ ತಿಳಿಯುತ್ತಾರೆ. ನಾವೂ ಬಹುಮಟ್ಟಿಗೆ ಹಾಗೆಯೇ ಹೇಳಿಕೊಡುತ್ತ ಬಂದಿದ್ದೇವೆ. ಆದರೆ ಕಾಸರಗೋಡು, ಕುಂಬಳೆ, ಮಂಜೇಶ್ವರ ಉಪಜಿಲ್ಲೆಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಅವಧಿ ಬೇರೊಂದಿಲ್ಲ. ಪಾಠ ತಿಳಿದಿದ್ದೂ ಪ್ರಶ್ನೆ ತಿಳಿಯದೆ ಅಂಕ ಕಳೆದುಕೊಳ್ಳುವ ಮಕ್ಕಳು ನಮ್ಮ ತರಗತಿಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ.

ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ವಿಜ್ಞಾನ, ಗಣಿತ, ಸಮಾಜ ವಿಜ್ಞಾನಗಳ ಪ್ರಶ್ನೆಗಳು ಅನುವಾದದ ದಾರಿಯಿಂದ ಕನ್ನಡಕ್ಕೆ ಬರುತ್ತವೆ. ಆ ಕನ್ನಡವು ಪಠ್ಯಪುಸ್ತಕದ ಕನ್ನಡಕ್ಕೆ ಹತ್ತಿರವಾದುದೇ ಹೊರತು ಮಗುವಿನ ಮಾತಿಗೆ ಹತ್ತಿರವಾದುದಲ್ಲ. ಸಪ್ತಭಾಷಾ ಸಂಗಮ ಭೂಮಿಯೆಂದು ಹೆಸರಾದ ಈ ನೆಲದಲ್ಲಿ ಕನ್ನಡ ಮಾಧ್ಯಮದ ಬೆಂಚಿನ ಮೇಲೆ ಕುಳಿತವರ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಯಾವುದೂ ಆಗಿರಬಹುದು. ಹವ್ಯಕ ಕನ್ನಡವನ್ನಾಡುವ ಮನೆಯ ಮಗುವಿಗೂ ‘ಸಮರ್ಥಿಸಿ’, ‘ವಿಶ್ಲೇಷಿಸಿ’ ಎಂಬವು ಶಾಲೆಯಲ್ಲಿಯೇ ಮೊದಲು ಕೇಳಿದ ಪದಗಳು. ‘ಸಮರ್ಥಿಸಿ’ ಎಂದಿರುವಲ್ಲಿ ಆಧಾರ ಕೊಡದೆ ವಿಷಯವನ್ನು ಮಾತ್ರ ವಿವರಿಸಿ ಬರುವುದು, ‘ಹೋಲಿಸಿ’ ಎಂದಿರುವಲ್ಲಿ ಒಂದು ಪಕ್ಷವನ್ನಷ್ಟೇ ಬರೆದು ಮುಗಿಸುವುದು ನಮಗೆಲ್ಲ ಪರಿಚಿತವಾದ ತಪ್ಪುಗಳು. ಇವು ಜ್ಞಾನದ ಕೊರತೆಯಲ್ಲ, ಕ್ರಿಯಾಪದದ ಕೊರತೆ.

ಇನ್ನೂ ಸೂಕ್ಷ್ಮವಾದ ತೊಡಕು ನೆರೆಭಾಷೆಯ ಸಮಾನರೂಪದ ಪದಗಳಿಂದ ಉಂಟಾಗುತ್ತದೆ. ‘ವ್ಯವಸಾಯ’ ಎಂದರೆ ನಮಗೆ ಬೇಸಾಯ. ಮಲಯಾಳದಲ್ಲಿ ಅದೇ ಪದಕ್ಕೆ ಕೈಗಾರಿಕೆಯೆಂಬ ಅರ್ಥ. ಮಲಯಾಳದ ಪಾಠದ ವಿಡಿಯೊ ನೋಡಿ ಅಭ್ಯಾಸ ಮಾಡಿದ ವಿದ್ಯಾರ್ಥಿಯು ಸಮಾಜ ವಿಜ್ಞಾನದ ಪತ್ರಿಕೆಯಲ್ಲಿ ಈ ಪದ ಕಂಡೊಡನೆ ಗಿರಣಿ, ಕಾರ್ಖಾನೆಗಳನ್ನು ಬರೆಯತೊಡಗಿದರೆ ಆಶ್ಚರ್ಯವಿಲ್ಲ. ‘ಉಪನ್ಯಾಸ’ ನಮಗೆ ಭಾಷಣ, ಮಲಯಾಳದವರಿಗೆ ಪ್ರಬಂಧ. ‘ಅವಸರ’ ನಮಗೆ ಆತುರ, ಅವರಿಗೆ ಅವಕಾಶ. ಇದು ಕಾಸರಗೋಡಿನ ಮಾತು ಮಾತ್ರವಲ್ಲ. ಅಕ್ಕಲಕೋಟೆ, ಜತ್ತಗಳ ಮಗುವಿಗೆ ‘ಉದ್ಯೋಗ’ವೆಂಬುದು ಮರಾಠಿಯ ಬಲದಿಂದ ಕೈಗಾರಿಕೆಯಾಗಿ ಕೇಳಿಸುತ್ತದೆ. ಆದವಾನಿ, ರಾಯದುರ್ಗಗಳ ಕಡೆ ತೆಲುಗಿನ ‘ಪರಿಶ್ರಮ’ ಕೈಗಾರಿಕೆಯಾದರೆ ಕನ್ನಡದಲ್ಲಿ ಅದು ದುಡಿಮೆ. ಒಂದೇ ‘ಕೈಗಾರಿಕೆ’ಗೆ ಮೂರು ಗಡಿಗಳಲ್ಲಿ ಮೂರು ಬಲೆಗಳು! ತನ್ನ ಪ್ರದೇಶದ ಇಂತಹ ಪದಗಳನ್ನು ಗುರುತಿಸಿಕೊಳ್ಳುವುದು ಆಯಾ ಶಾಲೆಯ ಅಧ್ಯಾಪಕರಿಂದಲೇ ಆಗಬೇಕಾದ ಕೆಲಸ. ಯಾವ ಮಾರ್ಗದರ್ಶಿ ಪುಸ್ತಕದಲ್ಲಿಯೂ ಅವು ದೊರೆಯಲಾರವು.

ಫೆಬ್ರವರಿಯ ಮಾದರಿ ಪರೀಕ್ಷೆಗೆ ಮೊದಲೇ, ಹಳೆಯ ಪ್ರಶ್ನೆಪತ್ರಿಕೆಗಳನ್ನಿಟ್ಟುಕೊಂಡು ಉತ್ತರ ಬರೆಸದೆ ಓದುವ ಅಭ್ಯಾಸವೊಂದನ್ನೇ ಮಾಡಿಸುವುದು ಒಳ್ಳೆಯದು. ಹದಿನೈದು ನಿಮಿಷ ಮೌನವಾಗಿ ಓದಲಿ. ತಿಳಿಯದ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಲಿ. ಬಳಿಕ ಒಬ್ಬೊಬ್ಬರೂ ಒಂದು ಪ್ರಶ್ನೆಯನ್ನು ತಮ್ಮ ಮನೆಮಾತಿನಲ್ಲಿ ಹೇಳಲಿ: ಈ ಪ್ರಶ್ನೆ ಏನನ್ನು ಕೇಳುತ್ತಿದೆ? ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಲಿ. ಕನ್ನಡದ ತರಗತಿಯಲ್ಲಿ ತುಳು, ಮಲಯಾಳಗಳಿಗೆ ಎಡೆಗೊಡಬಹುದೇ ಎಂದು ಕೆಲವರು ಹಿಂಜರಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಹಿಂಜರಿಕೆ ಅನಗತ್ಯ. ಪ್ರಶ್ನೆಯನ್ನು ತುಳುವಿನಲ್ಲಿ ಸರಿಯಾಗಿ ಹೇಳಿ ಕನ್ನಡದಲ್ಲಿ ತಡವರಿಸುವ ಮಗುವಿಗೆ ಪಾಠ ತಿಳಿದಿದೆ, ಪದ ಸಿಕ್ಕಿಲ್ಲ. ಎರಡರಲ್ಲಿಯೂ ಹೇಳಲಾರದ ಮಗುವಿಗೆ ಪಾಠವನ್ನೇ ಮತ್ತೊಮ್ಮೆ ಮಾಡಬೇಕು. ಈ ವ್ಯತ್ಯಾಸವನ್ನು ಅಂಕಪಟ್ಟಿ ತೋರಿಸುವುದಿಲ್ಲ. ಅದು ತಿಳಿಯದೆ ನಡೆಸುವ ಸಂಜೆಯ ವಿಶೇಷ ತರಗತಿಯಲ್ಲಿ ಇಬ್ಬರಿಗೂ ಒಂದೇ ಔಷಧ ಕೊಟ್ಟಂತಾಗುತ್ತದೆ.

ಸಮಯದ ಲೆಕ್ಕವನ್ನೂ ಮಕ್ಕಳ ಮುಂದಿಡಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಹಿಂದಿ ಹಾಗೂ ಪ್ರಥಮ ಭಾಷೆಯ ಎರಡು ಪತ್ರಿಕೆಗಳು 40 ಅಂಕದವು. ಅವಧಿ ಒಂದೂವರೆ ಗಂಟೆ. ಇಂಗ್ಲಿಷ್, ಗಣಿತ, ಸಮಾಜ ವಿಜ್ಞಾನಗಳು 80 ಅಂಕದವು. ಅವಧಿ ಎರಡೂವರೆ ಗಂಟೆ. ಮೊದಲ ಬಗೆಯಲ್ಲಿ ಅಂಕವೊಂದಕ್ಕೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು ದೊರೆಯುತ್ತದೆ, ಎರಡನೆಯದರಲ್ಲಿ ಎರಡು ನಿಮಿಷವೂ ದೊರೆಯುವುದಿಲ್ಲ. ಹೆಚ್ಚು ಬರವಣಿಗೆಯನ್ನು ಬೇಡುವ ಸಮಾಜ ವಿಜ್ಞಾನಕ್ಕೇ ಅಂಕದ ಲೆಕ್ಕದಲ್ಲಿ ಸಮಯ ಕಡಿಮೆ. ಕನ್ನಡದಲ್ಲಿ ನಿಧಾನವಾಗಿ ಬರೆಯುವ ಮಗುವು ಕೊನೆಯ ದೊಡ್ಡ ಪ್ರಶ್ನೆಯನ್ನು ಬಿಟ್ಟುಬರುವುದು ಇಲ್ಲಿಯೇ. ಎರಡು ಅಂಕದ ಉತ್ತರವನ್ನು ನಾಲ್ಕು ನಿಮಿಷದೊಳಗೆ ಮುಗಿಸುವ ಅಭ್ಯಾಸವನ್ನು ಗಡಿಯಾರ ಎದುರಿಗಿಟ್ಟೇ ಮಾಡಿಸಬೇಕು.

ಮಂಗಳೂರಿನಿಂದ ತರಿಸುವ ಗೈಡುಗಳ ವಿಷಯವಾಗಿ ಒಂದು ಮಾತು. ಅವು ಕನ್ನಡದಲ್ಲಿವೆ ಎಂಬ ಕಾರಣಕ್ಕೆ ಪೋಷಕರು ಹಣ ಕೊಟ್ಟು ಕೊಳ್ಳುತ್ತಾರೆ; ಅವರನ್ನು ದೂರುವಂತಿಲ್ಲ. ಆದರೆ ಕರ್ನಾಟಕದ ಹತ್ತನೆಯ ತರಗತಿಯ ಗಣಿತ, ವಿಜ್ಞಾನ ಪುಸ್ತಕಗಳು ಎನ್.ಸಿ.ಇ.ಆರ್.ಟಿ. ಪಠ್ಯವನ್ನು ಅನುಸರಿಸಿದವು, ಕೇರಳದ ಪುಸ್ತಕಗಳು ಇಲ್ಲಿನ ಎಸ್.ಸಿ.ಇ.ಆರ್.ಟಿ. ರೂಪಿಸಿದವು. ಪಾಠಗಳ ಅನುಕ್ರಮ, ಪ್ರಶ್ನೆಯ ಮಾದರಿ, ಕೆಲವೆಡೆ ಪಾರಿಭಾಷಿಕ ಪದಗಳೂ ಬೇರೆ. ಮಾರ್ಚಿಯಲ್ಲಿ ಗೈಡು ಹಿಡಿದ ಮಗು ತನ್ನದಲ್ಲದ ಪರೀಕ್ಷೆಗೆ ಸಿದ್ಧವಾಗುತ್ತಿರುತ್ತದೆ. ವರ್ಷಾರಂಭದ ರಕ್ಷಕರ ಸಭೆಯಲ್ಲಿಯೇ ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ತೆರೆದು ತೋರಿಸಿದರೆ ಬೇರೆ ವಿವರಣೆ ಬೇಕಾಗದು.

ಬೇಸಗೆಯ ಕಷ್ಟ ಎಲ್ಲರಿಗೂ ತಿಳಿದದ್ದೇ. ಬಾವಿಯ ನೀರು ಇಳಿಯುವ, ಸೆಖೆಗೆ ರಾತ್ರಿ ನಿದ್ದೆ ಹತ್ತದ ದಿನಗಳವು. ಕೋಲ, ಜಾತ್ರೆ, ಬಯಲಾಟಗಳ ಕಾಲವೂ ಅದೇ. ಮನೆತನದ ದೈವದ ಕೋಲಕ್ಕೆ ಹೋಗಬೇಡವೆನ್ನುವುದಕ್ಕಿಂತ, ಬೇಗ ಮರಳಿ ಕಳುಹಿಸಿರೆಂದು ಹಿರಿಯರಲ್ಲಿ ಕೇಳಿಕೊಂಡರೆ ಫಲ ಸಿಗುತ್ತದೆ. 2024 ಮತ್ತು 2025ರಲ್ಲಿ ರಂಜಾನಿನ ಉಪವಾಸವೂ ಪರೀಕ್ಷೆಯ ದಿನಗಳಲ್ಲಿಯೇ ಬಂದಿತ್ತು. ಅಂತಹ ವರ್ಷಗಳಲ್ಲಿ ಸಂಜೆಯ ತರಗತಿಯನ್ನು ಬೆಳಗಿಗೆ ಬದಲಿಸುವುದು ಉಚಿತ. ಸಂಜೆ ಉಳಿಯುವ ಮಕ್ಕಳಿಗೆ ರಕ್ಷಕ ಶಿಕ್ಷಕ ಸಂಘದಿಂದ ಒಂದಿಷ್ಟು ಅವಲಕ್ಕಿಯೋ ಸಜ್ಜಿಗೆಯೋ ದೊರೆತರೆ ಹಾಜರಿಯೂ ಉಳಿಯುತ್ತದೆ.

ಮಕ್ಕಳ ಮಾತು ಆಡುವಾಗ ಅಧ್ಯಾಪಕರನ್ನು ಮರೆಯುವುದುಂಟು. ಕನ್ನಡ ವಿಭಾಗವು ಚಿಕ್ಕದಾಗಿರುವ ಪ್ರೌಢಶಾಲೆಯಲ್ಲಿ ವಿಷಯಕ್ಕೊಬ್ಬರೇ ಅಧ್ಯಾಪಕರು. ಮಾದರಿ ಪರೀಕ್ಷೆಯ ಮೌಲ್ಯಮಾಪನ, ನಿರಂತರ ಮೌಲ್ಯಮಾಪನದ ದಾಖಲೆ, ವಿಶೇಷ ತರಗತಿ, ಮನೆಭೇಟಿ ಎಲ್ಲವೂ ಅವರೊಬ್ಬರದೇ. ಹಂಚಿಕೊಳ್ಳಲು ಪಕ್ಕದ ಮೇಜಿನಲ್ಲಿ ಅದೇ ವಿಷಯದ ಕನ್ನಡ ಬಲ್ಲವರಿಲ್ಲ. ಹೀಗಿರುವಾಗ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಅವರಿಗೆ ಪಾಠಕ್ಕೆ ಹೊರತಾದ ಹೊಣೆಗಳನ್ನು ವಹಿಸದಿರುವುದು ಮುಖ್ಯೋಪಾಧ್ಯಾಯರು ಮಾಡಬಹುದಾದ ಅತಿ ದೊಡ್ಡ ಸಹಾಯ. ದಾಖಲೆ ತುಂಬುವಂತಹ ಭಾಷೆ ಅಡ್ಡಿಯಾಗದ ಕೆಲಸಗಳನ್ನು ಮಲಯಾಳ ವಿಭಾಗದ ಸಹೋದ್ಯೋಗಿಗಳು ವಹಿಸಿಕೊಳ್ಳಬಲ್ಲರು. ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಪರೀಕ್ಷೆಯ ಸುತ್ತೋಲೆಗಳು ಹೆಚ್ಚಾಗಿ ಮಲಯಾಳದಲ್ಲಿಯೇ ಬರುವುದರಿಂದ, ಒಂದು ಶಾಲೆಯಲ್ಲಿ ಮಾಡಿದ ಕನ್ನಡ ಸಾರಾಂಶವು ಸುತ್ತಲಿನ ಶಾಲೆಗಳಿಗೆ ಅಂದೇ ತಲುಪುವಂತಾಗಬೇಕು. ಐದು ಶಾಲೆಗಳಲ್ಲಿ ಐವರು ಒಂದೇ ಕಾಗದವನ್ನು ಬೇರೆಬೇರೆಯಾಗಿ ಅನುವಾದಿಸುತ್ತ ಕುಳಿತುಕೊಳ್ಳುವುದು ವ್ಯರ್ಥ ಶ್ರಮ.

ಹುದ್ದೆ ಖಾಲಿಯಿರುವ ಶಾಲೆಯ ಮಕ್ಕಳ ಪಾಡು ಬೇರೆಯೇ. ಅಲ್ಲಿಗೆ ನೆರೆಶಾಲೆಯ ಅಧ್ಯಾಪಕರೊಬ್ಬರು ವಾರಕ್ಕೊಂದು ಶನಿವಾರ ಹೋಗಿ ಮೇಲೆ ಹೇಳಿದ ಪ್ರಶ್ನೆ ಓದುವ ಅಭ್ಯಾಸವನ್ನು ಮಾತ್ರ ನಡೆಸಿದರೂ ಪ್ರಯೋಜನವಿದೆ. ಪಾಠವನ್ನೆಲ್ಲ ಮುಗಿಸುತ್ತೇನೆಂದು ಹೊರಟರೆ ಯಾವುದೂ ಮುಗಿಯದು.

ಪರೀಕ್ಷೆ ಮುಗಿದ ದಿನ ಪ್ರಶ್ನೆಪತ್ರಿಕೆಗಳು ಮಕ್ಕಳ ಚೀಲದಲ್ಲಿ ಕಳೆದುಹೋಗುವ ಮುನ್ನ, ಪ್ರತಿ ವಿಷಯದ ಒಂದು ಪ್ರತಿಯನ್ನು ಶಾಲೆಯಲ್ಲಿ ಉಳಿಸಿಕೊಳ್ಳಬೇಕು. ಯಾವ ಪದದಲ್ಲಿ ತಡೆದಿರೆಂದು ನಾಲ್ಕೈದು ಮಕ್ಕಳನ್ನು ಕೇಳಿ ಅಲ್ಲಿಯೇ ಗುರುತು ಹಾಕಿ, ಬದಿಯಲ್ಲಿ ಅವರು ತಿಳಿದುಕೊಂಡ ಅರ್ಥವನ್ನೂ ಬರೆದಿಡಬೇಕು. ಜೂನಿನಲ್ಲಿ ಹೊಸ ಹತ್ತನೆಯ ತರಗತಿಯನ್ನು ವಹಿಸಿಕೊಳ್ಳುವವರ ಮೇಜಿನ ಮೇಲೆ ಪಠ್ಯಪುಸ್ತಕದೊಡನೆ ಆ ಪ್ರತಿಗಳೂ ಇರಲಿ.