ಹಕ್ಕಿಯನ್ನು ಬೆದರಿಸದ ದೂರ: ಟೆಲಿಫೋಟೊ ಲೆನ್ಸ್ ಬಳಕೆಯ ಲೆಕ್ಕಾಚಾರ

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಹಕ್ಕಿಗಳು ಗೂಡು ಕಟ್ಟುವ ಕಾಲ ಬಂತೆಂದರೆ ದೋಣಿಗಳಲ್ಲಿ ಉದ್ದನೆಯ ಲೆನ್ಸುಗಳೂ ಕಾಣಿಸಿಕೊಳ್ಳುತ್ತವೆ. ಫಿಲಂ ಯುಗದಲ್ಲಿ ಇಂತಹ ಲೆನ್ಸುಗಳು ಕೆಲವೇ ಜನರ ಸ್ವತ್ತಾಗಿದ್ದವು. ಎಂ.ವೈ. ಘೋರ್ಪಡೆ, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂತಹ ಹಿರಿಯರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದುಕೊಟ್ಟ ಕಾಲದಲ್ಲಿ ಒಂದು ರೀಲಿಗೆ ಮೂವತ್ತಾರು ಚಿತ್ರಗಳಷ್ಟೇ ಮಿತಿ. ಡಿಜಿಟಲ್ ಕ್ಯಾಮೆರಾ ಆ ಮಿತಿಯನ್ನು ಅಳಿಸಿತು. 2013ರ ಕೊನೆಯಿಂದ ಟ್ಯಾಮ್ರಾನ್, ಸಿಗ್ಮಾ ಕಂಪನಿಗಳ 150–600 ಮಿ.ಮೀ. ಜೂಮ್ ಲೆನ್ಸುಗಳು ಒಂದರ ಹಿಂದೊಂದು ಮಾರುಕಟ್ಟೆಗೆ ಬಂದ ಮೇಲೆ ಉದ್ದ ಲೆನ್ಸು ಸಾಮಾನ್ಯ ಹವ್ಯಾಸಿಯ ಕೈಗೂ ಎಟುಕಿತು.

ಆದರೆ ಲೆನ್ಸು ಕೊಂಡವರಲ್ಲಿ ಅನೇಕರು ಮೊದಲ ಕೆಲವು ವಾರಗಳಲ್ಲೇ ನಿರಾಶರಾಗುತ್ತಾರೆ. ಹಕ್ಕಿ ದೊಡ್ಡದಾಗಿ ಕಂಡರೂ ಚಿತ್ರ ಮಸುಕಾಗಿರುತ್ತದೆ, ಗರಿಗಳ ವಿವರ ಮೂಡಿರುವುದಿಲ್ಲ. ದೂರ ಹೆಚ್ಚಾದದ್ದೇ ಇದಕ್ಕೆ ಕಾರಣವೆಂದು ಭಾವಿಸಿ ಹಕ್ಕಿಯತ್ತ ಇನ್ನೂ ನಾಲ್ಕು ಹೆಜ್ಜೆ ಮುಂದಿಡುವುದು ಸಹಜ. ಹಕ್ಕಿಗೆ ಅಪಾಯ ಎದುರಾಗುವುದು ಇಲ್ಲಿಯೇ. ಮಸುಕಿನ ಕಾರಣ ಬಹುತೇಕ ಸಂದರ್ಭಗಳಲ್ಲಿ ದೂರವಲ್ಲ, ಲೆನ್ಸಿನ ಬಳಕೆಯ ದೋಷ. ಅದನ್ನು ನಿಂತಲ್ಲಿಯೇ ಸರಿಪಡಿಸಿಕೊಳ್ಳಬಹುದು.

ಮಿಲಿಮೀಟರ್ ಎಂದರೇನು?

ಲೆನ್ಸಿನ ಮೇಲೆ ನಮೂದಿಸಿರುವ 300, 500, 600 ಎಂಬ ಅಂಕಿಗಳು ಅದರ ಸಂಗಮ ದೂರವನ್ನು ಸೂಚಿಸುತ್ತವೆ. ಇದು ಹೆಚ್ಚಿದಂತೆ ಲೆನ್ಸು ನೋಡುವ ಕೋನ ಕಿರಿದಾಗುತ್ತದೆ. 36×24 ಮಿ.ಮೀ. ಅಳತೆಯ ಫುಲ್ ಫ್ರೇಮ್ ಸೆನ್ಸರ್ ಇರುವ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸು ಕರ್ಣಾಕಾರವಾಗಿ ಸುಮಾರು 47 ಡಿಗ್ರಿಯಷ್ಟು ದೃಶ್ಯವನ್ನು ಹಿಡಿದರೆ, 500 ಮಿ.ಮೀ. ಲೆನ್ಸು ಹಿಡಿಯುವುದು ಕೇವಲ 5 ಡಿಗ್ರಿಯಷ್ಟನ್ನು.

ಸೆನ್ಸರ್ ಮೇಲೆ ಹಕ್ಕಿಯ ಬಿಂಬ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ಹಕ್ಕಿಯ ಅಳತೆಯನ್ನು ಸಂಗಮ ದೂರದಿಂದ ಗುಣಿಸಿ, ಹಕ್ಕಿ ಇರುವ ದೂರದಿಂದ ಭಾಗಿಸಿದರೆ ಸಾಕು. ಸುಮಾರು ಒಂದು ಮೀಟರ್ ಎತ್ತರದ ಬಣ್ಣದ ಕೊಕ್ಕರೆ 40 ಮೀಟರ್ ದೂರದಲ್ಲಿದ್ದರೆ 500 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ ಹನ್ನೆರಡೂವರೆ ಮಿ.ಮೀ. ಆಗುತ್ತದೆ. ಎಂದರೆ ಚೌಕಟ್ಟಿನ ಅರ್ಧದಷ್ಟು ಎತ್ತರ. ಒಳ್ಳೆಯ ಚಿತ್ರಕ್ಕೆ ಇದು ಧಾರಾಳವಾಯಿತು. ಆದರೆ 17 ಸೆಂ.ಮೀ. ಉದ್ದದ ಸಣ್ಣ ಮಿಂಚುಳ್ಳಿ 20 ಮೀಟರ್ ದೂರದಲ್ಲಿದ್ದರೆ ಅದೇ ಲೆನ್ಸಿನಲ್ಲಿ ಬಿಂಬ ನಾಲ್ಕು ಮಿ.ಮೀ.ಗಿಂತ ತುಸು ಹೆಚ್ಚು, ಅಂದರೆ ಚೌಕಟ್ಟಿನ ಅಗಲದ ಎಂಟನೆಯ ಒಂದು ಭಾಗ ಮಾತ್ರ.

ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರ್ ಇರುವ ಕ್ಯಾಮೆರಾಗಳಲ್ಲಿ ಇದೇ ಲೆನ್ಸು ಒಂದೂವರೆ ಪಟ್ಟು ಉದ್ದದ್ದಾದಂತೆ ಕಾಣುತ್ತದೆ. ವಾಸ್ತವದಲ್ಲಿ ಬಿಂಬ ಹಿಗ್ಗಿರುವುದಿಲ್ಲ, ಅದರ ಸುತ್ತಲಿನ ಚೌಕಟ್ಟು ಕುಗ್ಗಿರುತ್ತದೆ. ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಕತ್ತರಿಸುವುದೂ ಹೆಚ್ಚುಕಡಿಮೆ ಇದೇ ಕೆಲಸ. 24 ಮೆಗಾಪಿಕ್ಸೆಲ್ ಚಿತ್ರದ ಉದ್ದ ಅಗಲಗಳನ್ನು ಅರ್ಧಕ್ಕೆ ಇಳಿಸಿದರೆ ಉಳಿಯುವುದು 6 ಮೆಗಾಪಿಕ್ಸೆಲ್. ಪತ್ರಿಕೆಯಲ್ಲಿ ಅಚ್ಚಾಗುವ ಸಾಧಾರಣ ಗಾತ್ರದ ಚಿತ್ರಕ್ಕೆ ಅಷ್ಟು ಸಾಕು.

ಉದ್ದಕ್ಕೆ ತೆರಬೇಕಾದ ಬೆಲೆ

ಲೆನ್ಸು ಹಕ್ಕಿಯನ್ನು ದೊಡ್ಡದು ಮಾಡಿದಂತೆ ಕೈಯ ನಡುಕವನ್ನೂ ದೊಡ್ಡದು ಮಾಡುತ್ತದೆ. ಚಿತ್ರ ಕ್ಲಿಕ್ಕಿಸುವ ಕ್ಷಣದಲ್ಲಿ ಕ್ಯಾಮೆರಾ ಒಂದು ಡಿಗ್ರಿಯ ನೂರನೆಯ ಒಂದು ಭಾಗದಷ್ಟು ಅಲುಗಿತು ಎಂದಿಟ್ಟುಕೊಳ್ಳೋಣ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸಿದ್ದರೆ ಬಿಂಬ ಒಂದೂವರೆ ಪಿಕ್ಸೆಲ್‌ನಷ್ಟು ಜರುಗುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. 500 ಮಿ.ಮೀ. ಲೆನ್ಸಿದ್ದರೆ ಅದು ಹದಿನಾಲ್ಕು ಪಿಕ್ಸೆಲ್‌ಗಿಂತ ಹೆಚ್ಚು ಜರುಗುತ್ತದೆ. ಗರಿಯ ಎಳೆಗಳು ಅಳಿಸಿಹೋಗಲು ಅಷ್ಟೇ ಸಾಕು.

ಶಟರ್ ವೇಗವು ಕನಿಷ್ಠ ಪಕ್ಷ ಸಂಗಮ ದೂರದಷ್ಟಾದರೂ ಇರಬೇಕೆಂಬ ಹಳೆಯ ನಿಯಮ ಹುಟ್ಟಿದ್ದು ಈ ಕಾರಣಕ್ಕಾಗಿಯೇ. 500 ಮಿ.ಮೀ. ಲೆನ್ಸಿಗೆ ಸೆಕೆಂಡಿನ 500ನೆಯ ಒಂದು ಭಾಗ ಎಂಬುದು ಇದರ ಅರ್ಥ. ಲೆನ್ಸಿನೊಳಗೆ ನಡುಕ ತಡೆಯುವ ವ್ಯವಸ್ಥೆ ಇದ್ದರೆ ಇನ್ನೂ ಕಡಿಮೆ ವೇಗದಲ್ಲಿಯೂ ಕೂತ ಹಕ್ಕಿಯ ಚಿತ್ರ ತೆಗೆಯಬಹುದು. ಆದರೆ ಆ ವ್ಯವಸ್ಥೆ ತಡೆಯುವುದು ಛಾಯಾಗ್ರಾಹಕನ ನಡುಕವನ್ನೇ ಹೊರತು ಹಕ್ಕಿಯ ಚಲನೆಯನ್ನಲ್ಲ. ಹಾರುವ ಹಕ್ಕಿಯ ರೆಕ್ಕೆಯನ್ನು ಸ್ಥಿರವಾಗಿ ಹಿಡಿಯಲು ಸೆಕೆಂಡಿನ 2000ನೆಯ ಒಂದು ಭಾಗ ಅಥವಾ ಅದಕ್ಕೂ ಹೆಚ್ಚಿನ ವೇಗ ಬೇಕಾಗುತ್ತದೆ.

ವೇಗ ಹೆಚ್ಚಿಸಿದರೆ ಬೆಳಕು ಸಾಲದಾಗುತ್ತದೆ. ಉದ್ದ ಲೆನ್ಸುಗಳ ದುಬಾರಿ ಬೆಲೆಯ ಗುಟ್ಟೂ ಇಲ್ಲಿಯೇ ಇದೆ. 600 ಮಿ.ಮೀ. ಲೆನ್ಸು ಎಫ್/4ರಷ್ಟು ತೆರೆಯಬೇಕಾದರೆ ಅದರ ಬೆಳಕಿನ ಕಿಂಡಿ 150 ಮಿ.ಮೀ. ವ್ಯಾಸದ್ದಾಗಿರಬೇಕು, ಅಂದರೆ ಮುಂದಿನ ಗಾಜು ಊಟದ ಚಿಕ್ಕ ತಟ್ಟೆಯಷ್ಟಿರಬೇಕು. ಎಫ್/6.3ರ ಲೆನ್ಸಿಗೆ 95 ಮಿ.ಮೀ. ಸಾಕು. ಆದ್ದರಿಂದಲೇ ಅದು ಹಗುರ, ಅಗ್ಗ. ಆದರೆ ಎಫ್/4ರ ಲೆನ್ಸು ಒಳಬಿಡುವ ಬೆಳಕಿನಲ್ಲಿ ನೂರಕ್ಕೆ ನಲವತ್ತರಷ್ಟನ್ನು ಮಾತ್ರ ಅದು ಒಳಬಿಡುತ್ತದೆ. ಉಳಿದ ಕೊರತೆಯನ್ನು ಐಎಸ್‌ಒ ಹೆಚ್ಚಿಸಿ ತುಂಬಿಕೊಳ್ಳಬೇಕು. ಐಎಸ್‌ಒ ಏರಿದರೆ ಚಿತ್ರದಲ್ಲಿ ಕಾಳುಕಾಳಾದ ಕಲೆಗಳು ಕಾಣಿಸಿಕೊಳ್ಳುವುದು ನಿಜ. ಆದರೂ ಕಾಳುಗಳಿರುವ ಸ್ಪಷ್ಟ ಚಿತ್ರವನ್ನು ಸುಧಾರಿಸಬಹುದು. ಅಲುಗಿದ ಚಿತ್ರವನ್ನು ಸುಧಾರಿಸುವುದು ಕಷ್ಟ.

ಲೆನ್ಸು ಮತ್ತು ಕ್ಯಾಮೆರಾದ ನಡುವೆ ಟೆಲಿಕನ್ವರ್ಟರ್ ಜೋಡಿಸಿ ಉದ್ದ ಹೆಚ್ಚಿಸುವ ದಾರಿಯೂ ಇದೆ. 1.4 ಪಟ್ಟಿನ ಕನ್ವರ್ಟರ್ ಬೆಳಕನ್ನು ಅರ್ಧಕ್ಕೂ, 2 ಪಟ್ಟಿನದು ಕಾಲು ಭಾಗಕ್ಕೂ ಇಳಿಸುತ್ತದೆ. ಎಫ್/6.3ರ ಜೂಮ್ ಲೆನ್ಸಿಗೆ ಇದನ್ನು ಜೋಡಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಮಸುಕಿನ ಇನ್ನೆರಡು ಕಾರಣಗಳು

ಉದ್ದ ಲೆನ್ಸಿನಲ್ಲಿ ಸ್ಪಷ್ಟವಾಗಿ ಮೂಡುವ ವಲಯ ಬಹಳ ತೆಳುವಾದುದು. 500 ಮಿ.ಮೀ. ಲೆನ್ಸಿನಲ್ಲಿ ಎಫ್/5.6 ಇಟ್ಟು 20 ಮೀಟರ್ ದೂರದ ಹಕ್ಕಿಯನ್ನು ಕೇಂದ್ರೀಕರಿಸಿದರೆ ಆ ವಲಯದ ಆಳ ಸುಮಾರು ಅರ್ಧ ಮೀಟರ್. ಹಕ್ಕಿ 10 ಮೀಟರ್ ದೂರದಲ್ಲಿದ್ದರೆ ಸುಮಾರು 13 ಸೆಂ.ಮೀ. ಮಾತ್ರ. ಹತ್ತಿರ ಹೋದಷ್ಟೂ ತಪ್ಪುವ ಸಂಭವವೂ ಹೆಚ್ಚುತ್ತದೆ ಎಂಬುದನ್ನು ಗಮನಿಸಬೇಕು. ಹಾಗಾಗಿ ಫೋಕಸ್ ಬಿಂದು ಹಕ್ಕಿಯ ಕಣ್ಣಿನ ಮೇಲಿರಬೇಕು. ಕಣ್ಣು ಸ್ಪಷ್ಟವಾಗಿದ್ದರೆ ಬಾಲ ತುಸು ಮಸುಕಾದರೂ ನೋಡುಗರು ಒಪ್ಪುತ್ತಾರೆ. 2020ರಿಂದೀಚೆಗೆ ಬಂದಿರುವ ಹಲವು ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವಾಗಿಯೇ ಗುರುತಿಸುತ್ತವೆ. ಹಳೆಯ ಕ್ಯಾಮೆರಾ ಇರುವವರು ಒಂದೇ ಫೋಕಸ್ ಬಿಂದುವನ್ನು ಆರಿಸಿಕೊಂಡು, ನಿರಂತರ ಫೋಕಸ್ ವಿಧಾನ ಬಳಸುವುದು ಲೇಸು.

ಎರಡನೆಯ ಕಾರಣ ಗಾಳಿ. ಬಿಸಿಲೇರಿದ ಮೇಲೆ ನೆಲ, ಬಂಡೆಗಳಿಂದ ಮೇಲೇಳುವ ಬಿಸಿ ಗಾಳಿ ಬೆಳಕನ್ನು ಅಡ್ಡಾದಿಡ್ಡಿ ಬಾಗಿಸುತ್ತದೆ. ಟಾರು ರಸ್ತೆಯ ಮೇಲೆ ಮಧ್ಯಾಹ್ನ ಕಾಣುವ ಅಲೆಯಾಟವೇ ಇದು. ಲಕ್ಷಗಟ್ಟಲೆ ಬೆಲೆಯ ಲೆನ್ಸೂ ಈ ಅಲೆಯಾಟವನ್ನು ನಿವಾರಿಸಲಾರದು. ಬೆಳಗಿನ ಮೊದಲ ಎರಡು ಗಂಟೆಗಳಲ್ಲಿ ಗಾಳಿ ತಂಪಾಗಿರುತ್ತದೆ, ಬೆಳಕು ಓರೆಯಾಗಿ ಬೀಳುತ್ತದೆ, ಹಕ್ಕಿಗಳೂ ಚುರುಕಾಗಿರುತ್ತವೆ.

ಲೆನ್ಸನ್ನು ಹಿಡಿಯುವ ಬಗೆ

ಹಳೆಯ 600 ಮಿ.ಮೀ. ಎಫ್/4 ಲೆನ್ಸುಗಳ ತೂಕ ಐದು ಕಿಲೋಗಿಂತ ಹೆಚ್ಚಿತ್ತು. ಕ್ಯಾನನ್ ಕಂಪನಿ 2018ರಲ್ಲಿ ಹೊರತಂದ ಇದೇ ಅಳತೆಯ ಲೆನ್ಸು ಸುಮಾರು ಮೂರು ಕಿಲೋ ತೂಗುತ್ತದೆ. 150–600 ಮಿ.ಮೀ. ಜೂಮ್‌ಗಳಲ್ಲಿ ಹಗುರವಾದವು ಎರಡು ಕಿಲೋ ಆಸುಪಾಸಿನವು. ಇವನ್ನು ಕೈಯಲ್ಲೇ ಹಿಡಿಯುವುದಾದರೆ ಎಡಗೈ ಲೆನ್ಸಿನ ಅಡಿಯಲ್ಲಿ ಸಾಧ್ಯವಾದಷ್ಟು ಮುಂದಿರಬೇಕು, ಎರಡೂ ಮೊಣಕೈಗಳು ಪಕ್ಕೆಗೆ ಒತ್ತಿಕೊಂಡಿರಬೇಕು.

ಕೆರೆಯ ದಂಡೆಯಲ್ಲಿ ಟ್ರೈಪಾಡ್ ಅತ್ಯುತ್ತಮ. ಟ್ರೈಪಾಡ್ ಮೇಲಿರುವಾಗ ನಡುಕ ತಡೆಯುವ ವ್ಯವಸ್ಥೆಯನ್ನು, ವಿಶೇಷವಾಗಿ ಹಳೆಯ ಲೆನ್ಸುಗಳಲ್ಲಿ, ನಿಲ್ಲಿಸುವುದು ಒಳಿತು. ವಾಹನದ ಕಿಟಕಿಯ ಅಂಚಿಗೆ ಕಾಳು ತುಂಬಿದ ಬಟ್ಟೆಯ ಚೀಲವೇ ಸಾಕು. ಖಾಲಿ ಚೀಲವನ್ನು ಮಡಚಿ ಒಯ್ದು ಹೋದ ಊರಿನಲ್ಲಿ ಕಾಳು ತುಂಬಿಕೊಳ್ಳಬಹುದು. ವಾಹನದ ಎಂಜಿನ್ ನಿಂತಿರಬೇಕು. ದೋಣಿಯಲ್ಲಿ ಮಾತ್ರ ಟ್ರೈಪಾಡ್ ನಿರುಪಯುಕ್ತ. ದೋಣಿಯ ಪ್ರತಿಯೊಂದು ಹೊಯ್ದಾಟವನ್ನೂ ಅದು ಲೆನ್ಸಿಗೆ ಸಾಗಿಸುತ್ತದೆ. ಅಲ್ಲಿ ಲೆನ್ಸನ್ನು ಕೈಯಲ್ಲಿ ಹಿಡಿದು, ಶಟರ್ ವೇಗವನ್ನು ಸೆಕೆಂಡಿನ 1000ನೆಯ ಒಂದು ಭಾಗಕ್ಕಿಂತ ಇಳಿಸದಿರುವುದು ಉತ್ತಮ.

ಕೊಕ್ಕರೆ, ಬೆಳ್ಳಕ್ಕಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಕಡು ಹಸಿರು ಮರಗಳ ಹಿನ್ನೆಲೆಯಲ್ಲಿ ಬಿಳಿ ಹಕ್ಕಿ ಕೂತಿದ್ದರೆ ಕ್ಯಾಮೆರಾ ಆ ಕತ್ತಲೆಯನ್ನು ನೋಡಿ ಚಿತ್ರವನ್ನು ಹೆಚ್ಚು ಬೆಳಗಿಸುತ್ತದೆ. ಬಿಳಿ ಗರಿಗಳು ಸುಣ್ಣ ಬಳಿದಂತಾಗುತ್ತವೆ. ಇಂತಹ ಕಡೆ ಎಕ್ಸ್‌ಪೋಶರ್ ತುಸು ತಗ್ಗಿಸಬೇಕು. ಹಿನ್ನೆಲೆಯಲ್ಲಿ ಬೆಳಗುವ ಆಕಾಶವಿದ್ದರೆ ತುಸು ಏರಿಸಬೇಕು.

ಗೂಡಿನ ಬಳಿ ಏನಾಗುತ್ತದೆ?

ಇಷ್ಟೆಲ್ಲ ಸರಿಯಾದ ಮೇಲೂ ಹಕ್ಕಿ ಚಿಕ್ಕದಾಗಿಯೇ ಕಂಡರೆ ಮುಂದೇನು ಎಂಬ ಪ್ರಶ್ನೆ ಉಳಿಯುತ್ತದೆ. ಉತ್ತರ ನೀಡಬೇಕಾದುದು ಹಕ್ಕಿ. ಮೇಯುತ್ತಿದ್ದ ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನೋಡಿದರೆ, ಮೈ ಬಿಗಿಹಿಡಿದರೆ, ಎಚ್ಚರಿಕೆಯ ಕೂಗು ಹಾಕಿದರೆ ದೂರ ಸಾಲದು ಎಂದೇ ಅರ್ಥ. ಅಲ್ಲಿಗೆ ನಿಲ್ಲಬೇಕು, ಸಾಧ್ಯವಾದರೆ ಹಿಂದಕ್ಕೆ ಸರಿಯಬೇಕು.

ಗೂಡಿನ ಬಳಿ ಈ ಎಚ್ಚರ ಇಮ್ಮಡಿಯಾಗಬೇಕು. ರೀವ ಹಕ್ಕಿಗಳು ನದಿ ನಡುವಿನ ಬಂಡೆ, ಮರಳುದಿಣ್ಣೆಗಳ ಮೇಲೆ ಬಯಲಿನಲ್ಲಿಯೇ ಮೊಟ್ಟೆಯಿಡುತ್ತವೆ. ಟಿಟ್ಟಿಭ ಹಕ್ಕಿಯದೂ ನೆಲದ ಮೇಲಿನ ಗೂಡೇ. ಬೇಸಿಗೆಯ ಮಧ್ಯಾಹ್ನ ತಾಯಿ ಹಕ್ಕಿ ಮೊಟ್ಟೆಯ ಮೇಲೆ ನಿಲ್ಲುವುದು ಅವುಗಳಿಗೆ ನೆರಳು ಕೊಡಲು. ಛಾಯಾಗ್ರಾಹಕನಿಗೆ ಹೆದರಿ ಅದು ಎದ್ದುಹೋದರೆ ಕಾದ ಬಂಡೆಯ ಮೇಲಿನ ಮೊಟ್ಟೆಗಳು ಸ್ವಲ್ಪ ಹೊತ್ತಿನಲ್ಲಿಯೇ ಕೆಡಬಹುದು. ಕಾಗೆ, ಹದ್ದುಗಳಿಗೂ ಅದೇ ಸಮಯ ಸಾಕು. ಚಿತ್ರ ಚೆನ್ನಾಗಿ ಬರಲೆಂದು ಗೂಡಿಗೆ ಅಡ್ಡವಾದ ರೆಂಬೆ, ಎಲೆಗಳನ್ನು ಸವರಿದರೆ ಮರಿಗಳು ಬಿಸಿಲಿಗೂ ಬೇಟೆಗಾರ ಹಕ್ಕಿಗಳ ಕಣ್ಣಿಗೂ ಒಡ್ಡಿಕೊಳ್ಳುತ್ತವೆ. ಛಾಯಾಗ್ರಾಹಕ ಮನೆಗೆ ಮರಳಿದ ಮೇಲೆ ನಡೆಯುವ ಈ ನಷ್ಟ ಯಾವ ಚಿತ್ರದಲ್ಲಿಯೂ ದಾಖಲಾಗುವುದಿಲ್ಲ. ಹಲವು ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸದಿರುವುದು ಇದೇ ಕಾರಣಕ್ಕೆ.

ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದಕ್ಕೆ ನೀಡಿರುವ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದಷ್ಟೇ ಅಲ್ಲ, ಮೊಟ್ಟೆ ಹಾಗೂ ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಅಭಯಾರಣ್ಯದಲ್ಲಿ ಪ್ರಾಣಿಗಳನ್ನು ಕೆಣಕುವುದನ್ನು 27ನೆಯ ಸೆಕ್ಷನ್ ನಿಷೇಧಿಸುತ್ತದೆ. ಛಾಯಾಗ್ರಹಣಕ್ಕಾಗಿ ಅಭಯಾರಣ್ಯ ಪ್ರವೇಶಿಸಲು ಅನುಮತಿ ನೀಡುವ ಅಧಿಕಾರ 28ನೆಯ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರದು. ಕ್ಯಾಮೆರಾ ಮತ್ತು ಲೆನ್ಸುಗಳಿಗೆ ಪ್ರತ್ಯೇಕ ಶುಲ್ಕ ವಿಧಿಸುವ ತಾಣಗಳೂ ಇರುವುದರಿಂದ ಹೋಗುವ ಮುನ್ನ ವಿಚಾರಿಸಿಕೊಳ್ಳುವುದು ಒಳಿತು.

ಕಾಯುವವರಿಗೆ ಒಲಿಯುವ ಹಕ್ಕಿ

ಹಕ್ಕಿಯನ್ನು ಹತ್ತಿರ ಪಡೆಯುವ ಖರ್ಚಿಲ್ಲದ ಉಪಾಯವೆಂದರೆ ಅದರತ್ತ ಹೋಗದೆ ಅದು ಬರುವಲ್ಲಿ ಕೂತಿರುವುದು. ಮಿಂಚುಳ್ಳಿ ಸಾಮಾನ್ಯವಾಗಿ ತನಗೆ ಒಗ್ಗಿದ ಕೆಲವೇ ಕೊಂಬೆಗಳಿಗೆ ಮತ್ತೆ ಮತ್ತೆ ಮರಳುತ್ತದೆ. ಒಂದು ಬೆಳಗು ದೂರದಿಂದ ನೋಡಿ ಆ ಕೊಂಬೆಯನ್ನು ಗುರುತಿಸಿ, ಮರುದಿನ ಸೂರ್ಯ ಬೆನ್ನ ಹಿಂದಿರುವಂತೆ ಮೊದಲೇ ಹೋಗಿ ಅಲುಗದೆ ಕೂತರೆ, ಇಪ್ಪತ್ತು ಮೀಟರಿನ ಹಕ್ಕಿ ತಾನಾಗಿಯೇ ಹತ್ತು ಮೀಟರಿಗೆ ಬರಬಹುದು. ಬಿಂಬ ಇಮ್ಮಡಿಯಾಗುತ್ತದೆ. ಅದೇ ಫಲವನ್ನು ಲೆನ್ಸಿನಿಂದ ಪಡೆಯಬೇಕಾದರೆ 1000 ಮಿ.ಮೀ. ಬೇಕು.

ಜನರಿಗೆ ಒಗ್ಗಿದ ಹಕ್ಕಿಗಳಿರುವ ತಾಣಗಳೂ ಕಲಿಯುವವರಿಗೆ ಸೂಕ್ತ. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ, 2022ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದ ರಂಗನತಿಟ್ಟಿನ ಹಕ್ಕಿಗಳು ದಿನವೂ ದೋಣಿಗಳನ್ನು ಕಾಣುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಇಂತಹ ಕಡೆ 300 ಮಿ.ಮೀ. ಲೆನ್ಸಿನಲ್ಲಿಯೂ ಒಳ್ಳೆಯ ಚಿತ್ರಗಳು ಸಾಧ್ಯ. ಆದರೆ ಈ ಸಲುಗೆಯನ್ನು ಹಕ್ಕಿಗಳಿಂದ ಪಡೆದವರು ತಲೆಮಾರುಗಳಿಂದ ಅವುಗಳಿಗೆ ತೊಂದರೆ ಕೊಡದೆ ಬಾಳಿದ ಊರಿನವರು. ಬಂದುಹೋಗುವ ಛಾಯಾಗ್ರಾಹಕರು ಅದನ್ನು ಕೆಡಿಸಬಾರದು. ದೋಣಿ ನಡೆಸುವವರನ್ನು ಬಂಡೆಗೆ ಇನ್ನೂ ಹತ್ತಿರ ಹೋಗುವಂತೆ ಒತ್ತಾಯಿಸದಿರುವುದು, ಗೂಡಿರುವ ಮರದಡಿ ಗುಂಪುಗೂಡದಿರುವುದು, ಅಪರೂಪದ ಹಕ್ಕಿಯ ಗೂಡಿನ ನಿಖರ ಜಾಗವನ್ನು ಪ್ರಚಾರ ಮಾಡದಿರುವುದು ಅವರಿಂದ ನಿರೀಕ್ಷಿಸಬಹುದಾದ ಕನಿಷ್ಠ ಸೌಜನ್ಯ.

ಚಿತ್ರ ತೆಗೆದು ಹೊರಡುವಾಗಲೂ ಹಕ್ಕಿ ಮೊದಲಿದ್ದ ಕೊಂಬೆಯಲ್ಲಿಯೇ ಗರಿ ತಿದ್ದಿಕೊಳ್ಳುತ್ತ ಕೂತಿದ್ದರೆ ಉದ್ದ ಲೆನ್ಸಿಗೆ ಕೊಟ್ಟ ಹಣ ಸಾರ್ಥಕವಾಯಿತೆಂದೇ ತಿಳಿಯಬೇಕು.