ದೇವರ ದನಿ ಆಲಿಸುವ ಅಭ್ಯಾಸ

ಕ್ರೈಸ್ತರ ನಿತ್ಯಜೀವನದಲ್ಲಿ ದೇವರ ದನಿ ಸಾಮಾನ್ಯವಾಗಿ ಕಿವಿಗೆ ಬೀಳುವ ಮಾತಲ್ಲ; ಬೈಬಲ್ ವಾಚನ, ಪ್ರಾರ್ಥನೆ, ಆತ್ಮಸಾಕ್ಷಿ ಮತ್ತು ದಿನದ ಘಟನೆಗಳ ಮೂಲಕ ಮನಸ್ಸಿಗೆ ತಿಳಿಯುವ ಪ್ರೇರಣೆ. ಅದನ್ನು ಗುರುತಿಸಲು ಕ್ರಮಬದ್ಧ ದಾರಿ ತೋರಿಸಿದವರಲ್ಲಿ ಪ್ರಮುಖರು ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ.

1521ರಲ್ಲಿ ಪಾಂಪ್ಲೋನಾ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಹಾಸಿಗೆ ಹಿಡಿದಿದ್ದಾಗ ಅವರು ಒಂದು ವ್ಯತ್ಯಾಸ ಗಮನಿಸಿದರು. ವೀರಸಾಹಸದ ಕನಸುಗಳು ಆ ಗಳಿಗೆಗೆ ಹಿತವಾಗಿದ್ದರೂ ಬಳಿಕ ಮನಸ್ಸನ್ನು ಬರಿದಾಗಿಸುತ್ತಿದ್ದವು. ಕ್ರಿಸ್ತನ ಮತ್ತು ಸಂತರ ಬದುಕಿನ ಚಿಂತನೆ ಕೊಟ್ಟ ಸಂತೋಷ ಮಾತ್ರ ಮಾಸುತ್ತಿರಲಿಲ್ಲ. ಈ ಅನುಭವವೇ 1548ರಲ್ಲಿ ಮುದ್ರಣಗೊಂಡ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಗೆ ಬುನಾದಿಯಾಯಿತು.

ಆ ಕೃತಿ ಹೇಳುವ ಆತ್ಮಪರಿಶೋಧನೆಗೆ ಐದು ಹಂತ: ಪಡೆದ ವರಗಳಿಗೆ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆ ಗಂಟೆಯಾಗಿ ನೆನೆಯುವುದು, ತಪ್ಪಿಗೆ ಕ್ಷಮೆಯಾಚನೆ, ತಿದ್ದಿಕೊಳ್ಳುವ ಸಂಕಲ್ಪ. ಬೆಳಗ್ಗೆ ಮಗುವಿನ ಮೇಲೆ ರೇಗಿದ ತಾಯಿ ರಾತ್ರಿ ಆ ಗಳಿಗೆಯನ್ನು ದೇವರ ಮುಂದಿಟ್ಟಾಗ, ಸಿಟ್ಟಿನ ಹಿಂದಿದ್ದ ದಣಿವೂ ಮಗುವಿಗೆ ಹೇಳಬೇಕಾದ ಸಾಂತ್ವನದ ಮಾತೂ ಅವಳಿಗೆ ಹೊಳೆಯಬಹುದು.

ಹೊಳೆದದ್ದೆಲ್ಲ ದೇವರ ದನಿಯಲ್ಲ. ಅದು ಸುವಾರ್ತೆಗೆ ಒಪ್ಪುತ್ತದೆಯೇ, ಪ್ರೀತಿ, ಶಾಂತಿ, ವಿನಯವನ್ನು ಹೆಚ್ಚಿಸುತ್ತದೆಯೇ ಎಂದು ಪರೀಕ್ಷಿಸಬೇಕು. ಮುಖ್ಯ ನಿರ್ಧಾರಗಳಲ್ಲಿ ಅನುಭವಿ ಗುರುಗಳ ಸಲಹೆ ಪಡೆಯಬೇಕು. ದಿನಕ್ಕೆ ಹದಿನೈದು ನಿಮಿಷದ ಈ ಅಭ್ಯಾಸ ಯಾವ ಮನೆಗೂ ಭಾರವಲ್ಲ. ತಪ್ಪದೆ ನಡೆಸಿಕೊಂಡು ಬಂದವರಿಗೇ ಅದರ ಫಲ.