ಟೂರ್ನಮೆಂಟಿಗೆ ಬಾಲು ಆರಿಸುವ ಮುನ್ನ...

ಗದ್ದೆ ಕೊಯ್ಲು ಮುಗಿದು, ಅಡಿಕೆ ಕೊಯ್ಲೂ ಒಂದು ಹದಕ್ಕೆ ಬಂತು ಎನ್ನುವ ಹೊತ್ತಿಗೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇನ್ನೊಂದು ಸೀಸನ್ ಶುರುವಾಗುತ್ತದೆ. ಬಸ್ ಸ್ಟ್ಯಾಂಡಿನ ಗೋಡೆ, ಹಾಲಿನ ಡೇರಿ ಬಾಗಿಲು, ಕರೆಂಟು ಕಂಬ ಎಲ್ಲಿ ನೋಡಿದರೂ ಟೆನ್ನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಯ ಪೋಸ್ಟರು. ಕೂಳೆ ಗದ್ದೆಯ ನಡುವೆ ಮಣ್ಣು ಬಡಿದು ಪಿಚ್ ಮಾಡಿದರೆ ಮಳೆ ಹಿಡಿಯುವ ತನಕ ಆಟ. ಕೆಲವರು ಇದನ್ನೇ ‘ಸಾಫ್ಟ್ ಬಾಲ್ ಕ್ರಿಕೆಟ್’ ಅಂತಲೂ ಕರೆಯುತ್ತಾರೆ.

‘ಗಂಡಸರ ಆಟದ ವಿಷಯ ನಮಗ್ಯಾಕೆ?’ ಎಂದು ಪುಟ ತಿರುಗಿಸಬೇಡಿ. ಮಗನ ಬಾಲಿಗೆ ದುಡ್ಡು ಕೊಡುವವರು ನೀವು. ಶಾಲೆಯ ಆಟದ ಸಾಮಾನು ತರುವ ಟೀಚರು ನೀವು. ಊರಿನ ಪಂದ್ಯಾವಳಿಗೆ ‘ಬಾಲಿನ ಖರ್ಚು ನಮ್ಮ ಸಂಘದ್ದು’ ಎಂದು ಒಪ್ಪಿಕೊಂಡ ಮಹಿಳಾ ಮಂಡಳಿಯ ಅಧ್ಯಕ್ಷೆಯೂ ನೀವೇ ಇರಬಹುದು. ಈಗಂತೂ ಹೆಣ್ಣುಮಕ್ಕಳದ್ದೇ ತಂಡಗಳಾಗುತ್ತಿವೆ. 2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಶುರುವಾಗಿ, 2024ರಲ್ಲಿ ಬೆಂಗಳೂರಿನ ತಂಡ ಕಪ್ ಗೆದ್ದು, 2025ರ ನವೆಂಬರಿನಲ್ಲಿ ಭಾರತದ ಹುಡುಗಿಯರು ವಿಶ್ವಕಪ್ಪನ್ನೇ ಎತ್ತಿದ ಮೇಲೆ, ‘ನಮಗೂ ಒಂದು ಮ್ಯಾಚ್ ಇಡಿ’ ಎಂದು ಕೇಳುವುದಕ್ಕೆ ಯಾರೂ ನಾಚಿಕೊಳ್ಳಬೇಕಿಲ್ಲ.

ಅಂಗಡಿಗೆ ಹೋಗಿ ‘ಒಂದು ಡಜನ್ ಬಾಲ್ ಕೊಡಿ’ ಅಂದರೆ ಅವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಮನೆಗೆ ತಂದ ಮೇಲೆ ಒಂದು ಮೊಣಕಾಲಿಗೂ ಏಳುವುದಿಲ್ಲ, ಇನ್ನೊಂದು ತಲೆ ಮೇಲೆ ಹಾರುತ್ತದೆ, ಮೂರನೆಯದು ಎರಡನೇ ಓವರಿಗೇ ಬಾಯಿ ಬಿಡುತ್ತದೆ. ಬದನೆಕಾಯಿ ಕೊಳ್ಳುವಾಗ ತಿರುಗಿಸಿ ಮುರುಗಿಸಿ ನೋಡುವ ನಾವು ಬಾಲನ್ನು ಯಾಕೆ ಹಾಗೇ ಚೀಲಕ್ಕೆ ಹಾಕಿಕೊಳ್ಳಬೇಕು?

ಲೈಟೋ, ಹೆವಿಯೋ?

ಮೊದಲು ತಿಳಿದುಕೊಳ್ಳಬೇಕಾದ್ದು ತೂಕ. ಲಾನ್ ಟೆನ್ನಿಸ್ಸಿನ ನಿಯಮದ ಬಾಲು 56ರಿಂದ 59.4 ಗ್ರಾಂ ತೂಗುತ್ತದೆ. ಅಂಗಡಿಯಲ್ಲಿ ‘ಲೈಟ್’ ಎಂದು ಕೊಡುವ ಕ್ರಿಕೆಟ್ ಟೆನ್ನಿಸ್ ಬಾಲು ಹೆಚ್ಚುಕಮ್ಮಿ ಇದೇ ತೂಕದ್ದು. ‘ಹೆವಿ’ ಎನ್ನುವುದರ ರಬ್ಬರ್ ಗೋಡೆ ದಪ್ಪ, ತೂಕವೂ ಜಾಸ್ತಿ. ಕಂಪೆನಿಯಿಂದ ಕಂಪೆನಿಗೆ ವ್ಯತ್ಯಾಸ ಇರುವುದರಿಂದ ಡಬ್ಬಿಯ ಮೇಲಿನ ಅಕ್ಷರ ನಂಬಿ ಕೂರದೆ ತಕ್ಕಡಿಗೆ ಹಾಕಿಸುವುದು ಒಳ್ಳೆಯದು. ಹೋಲಿಕೆಗೆ ಹೇಳುವುದಾದರೆ, ಚರ್ಮದ ಕ್ರಿಕೆಟ್ ಬಾಲು ಗಂಡಸರಿಗೆ 156ರಿಂದ 163 ಗ್ರಾಂ, ಹೆಂಗಸರಿಗೆ 140ರಿಂದ 151 ಗ್ರಾಂ.

ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಲೈಟ್ ಬಾಲೇ ಸಾಕು. ಅಣ್ಣಂದಿರು ಆಡುತ್ತಾರೆ ಅಂತ ಹೆವಿ ಬಾಲು ಹಿಡಿದು ಇಡೀ ರಜಾ ಎಸೆದರೆ ಎಳೆಯ ಭುಜ, ಮೊಣಕೈ ನೋಯುತ್ತದೆ. ದೊಡ್ಡವರ ಪಂದ್ಯಾವಳಿಗೆ ಹೆವಿ ಚೆನ್ನ. ಗದ್ದೆ ಬಯಲಿನ ಗಾಳಿಗೆ ಅದು ಅತ್ತಿತ್ತ ತೇಲುವುದಿಲ್ಲ, ಬೇಗ ಒಡೆಯುವುದೂ ಇಲ್ಲ.

ಹೆಣ್ಣುಮಕ್ಕಳ ತಂಡಕ್ಕೆ ಯಾವುದು? ‘ಲೇಡೀಸ್ ಅಲ್ವಾ, ಲೈಟ್ ಬಾಲ್ ಇರಲಿ’ ಎಂದು ಕಮಿಟಿಯವರೇ ತೀರ್ಮಾನ ಮಾಡಿಬಿಡುತ್ತಾರೆ. ನನ್ನನ್ನು ಕೇಳಿದರೆ ಇದು ಪೂರ್ತಿ ಸರಿಯಲ್ಲ. ಲೈಟ್ ಬಾಲನ್ನು ದೂರ ಕಳಿಸಬೇಕಾದರೆ ತೋಳಿನ ಬಲವೇ ಬೇಕು. ಹೆವಿ ಬಾಲು ಬ್ಯಾಟಿನ ನಡುವಿಗೆ ಸರಿಯಾಗಿ ತಾಗಿದರೆ ತಾನಾಗಿ ಓಡುತ್ತದೆ. ಹಾಗಾಗಿ ವಾರವಾರ ಅಭ್ಯಾಸ ಮಾಡುವ ಹುಡುಗಿಯರು ಹೆವಿಯನ್ನೇ ಕೇಳಿದರೆ ಕೊಡಬೇಕು. ಹಬ್ಬದ ದಿನ ಸೀರೆ ಸೆರಗು ಸಿಕ್ಕಿಸಿ ಗಮ್ಮತ್ತಿಗೆ ಆಡುವವರಿಗೆ ಲೈಟ್ ಇರಲಿ. ಆಡುವವರನ್ನು ಒಂದು ಮಾತು ಕೇಳಿದರೆ ಆಯಿತಪ್ಪ!

ಇನ್ನೊಂದು ಸಂಗತಿ ಹೇಳಲೇಬೇಕು. ಎಷ್ಟೋ ಕಡೆ ಹೆಂಗಸರ ಪಂದ್ಯ ಇಡುವುದು ಗಂಡಸರ ಸೆಮಿಫೈನಲ್ ನಡುವಿನ ಬಿಡುವಿನಲ್ಲಿ. ಆಗ ಅವರ ಕೈಗೆ ಬರುವುದು ಬೆಳಗಿಂದ ಬಡಿಸಿಕೊಂಡು ರೋಮ ಉದುರಿದ ಬಾಲು. ಬೋಳು ಬಾಲು ಕೈಯಿಂದ ಜಾರುತ್ತದೆ, ಪುಟಿಯುವುದಕ್ಕೂ ಲೆಕ್ಕ ಇಲ್ಲ. ಕ್ಯಾಚು ಬಿಟ್ಟಾಗ ಮೈಕಿನಲ್ಲಿ ನಗೆಚಾಟಿಕೆ ಬೇರೆ. 1976ರಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದಾಗ ಕ್ಯಾಪ್ಟನ್ ಆಗಿದ್ದವರು ನಮ್ಮ ಶಾಂತಾ ರಂಗಸ್ವಾಮಿ. ಅದಾಗಿ ಐವತ್ತು ವರ್ಷವಾಗುತ್ತಾ ಬಂದರೂ ಹಳ್ಳಿಯ ಹುಡುಗಿಗೆ ಒಂದು ಹೊಸ ಬಾಲು ಸಿಗುವುದಿಲ್ಲ ಅಂದರೆ ಹೇಗೆ? ನಿಮ್ಮ ಸಂಘ ಬಾಲಿನ ಖರ್ಚು ವಹಿಸುತ್ತಿದ್ದರೆ ಒಂದು ಷರತ್ತು ಹಾಕಿ: ಹೆಂಗಸರ ಪಂದ್ಯಕ್ಕೂ ಹೊಸ ಬಾಲು, ಮೊದಲೇ ಬೇರೆ ತೆಗೆದಿಡಬೇಕು.

ಅಂಗಡಿಯಲ್ಲೇ ಪರೀಕ್ಷೆ

ವಿಕಿ, ಕಾಸ್ಕೊ, ನಿವಿಯಾ ಹೀಗೆ ನಾಲ್ಕಾರು ಹೆಸರು ಕೇಳಿರುತ್ತೀರಿ. ಹೆಸರು ಯಾವುದಾದರೂ ಇರಲಿ, ಬಾಲನ್ನು ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಹೆಸರನ್ನೇ ಹೋಲುವ ನಕಲಿ ಪೊಟ್ಟಣಗಳೂ ಇರುತ್ತವೆ, ಒಂದಕ್ಷರ ಆಚೀಚೆ ಅಷ್ಟೇ!

ಎರಡು ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿ. ಸ್ವಲ್ಪ ತಗ್ಗಿ, ಬಿಟ್ಟ ತಕ್ಷಣ ಮೊದಲಿನಂತಾಗಬೇಕು. ಒತ್ತಿದಲ್ಲೇ ಕುಳಿ ಉಳಿದರೆ, ಅಥವಾ ಒಳಗೆ ‘ಚರ್’ ಎಂದರೆ ರಬ್ಬರ್ ಹಳೆಯದಾಗಿದೆ ಎಂದರ್ಥ. ಆಮೇಲೆ ಬಿಳಿ ಗೆರೆಯ ಗುಂಟ ಉಗುರು ಆಡಿಸಿ. ಬಟ್ಟೆಯ ಅಂಚು ಏಳುತ್ತಿದ್ದರೆ ಗೋಂದು ಸರಿ ಹಿಡಿದಿಲ್ಲ. ಬಾಲು ಬಾಯಿ ಬಿಡುವುದು ಯಾವಾಗಲೂ ಅಲ್ಲಿಂದಲೇ. ಮೇಲಿನ ಬಟ್ಟೆ ಉಣ್ಣೆ, ನೈಲಾನ್ ಬೆರೆಸಿದ್ದು. ಬೆರಳಿನಲ್ಲಿ ಚಿವುಟಿದರೆ ಎಳೆ ಎಳೆಯಾಗಿ ಕೈಗೆ ಬಂದರೆ ಅಂಥದ್ದು ನಮ್ಮ ಕಡೆಯ ಜಂಬಿಟ್ಟಿಗೆ ಚೂರಿನ ನೆಲಕ್ಕೆ ನಾಲ್ಕು ಓವರೂ ಬಾಳುವುದಿಲ್ಲ.

ಇನ್ನು ಪುಟಿತ. ಟೆನ್ನಿಸ್ ನಿಯಮದಲ್ಲಿ 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟ ಬಾಲು 135ರಿಂದ 147 ಸೆಂಟಿಮೀಟರ್ ಏಳಬೇಕು. ಅಂದರೆ ಬಿಟ್ಟ ಎತ್ತರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನೀವು ಟೇಪು ಹಿಡಿಯುವುದೇನೂ ಬೇಡ. ಐದಡಿ ಎತ್ತರದಿಂದ ಸಿಮೆಂಟು ನೆಲಕ್ಕೆ ಬಿಟ್ಟರೆ ಲೈಟ್ ಬಾಲು ಸುಮಾರು ಎರಡೂಮುಕ್ಕಾಲು ಅಡಿ, ಅಂದರೆ ಹೆಚ್ಚುಕಡಿಮೆ ಸೊಂಟದ ತನಕ ಏಳಬೇಕು. ಹೆವಿ ಇದಕ್ಕಿಂತ ಕಡಿಮೆ ಏಳಬಹುದು, ಅದು ದೋಷವಲ್ಲ. ಎರಡೆರಡು ಬಾಲನ್ನು ಒಟ್ಟಿಗೆ ಬಿಟ್ಟು, ಎರಡೂ ಒಂದೇ ಎತ್ತರಕ್ಕೆ ಏಳುತ್ತವಾ ಅಂತ ನೋಡಿ. ಪಂದ್ಯಾವಳಿಯಲ್ಲಿ ಜಗಳ ಹುಟ್ಟುವುದೇ ಇಲ್ಲಿ. ‘ನಿಮ್ಮ ಇನಿಂಗ್ಸಿಗೆ ಒಳ್ಳೆ ಬಾಲು, ನಮಗೆ ಸತ್ತ ಬಾಲು’ ಎಂದು ಶುರುವಾದದ್ದು ಎಲ್ಲಿಗೆ ಮುಟ್ಟುತ್ತದೆ ಅಂತ ನಿಮಗೇ ಗೊತ್ತು.

ಪೊಟ್ಟಣದ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರಬೇಕು. ಅದನ್ನೂ ಓದಿ. ಕಳೆದ ಮಳೆಗಾಲವನ್ನು ಅಂಗಡಿಯ ಮೂಲೆಯಲ್ಲೇ ಕಳೆದ ಬಾಲಿಗೆ ಬೂಷ್ಟು ಹಿಡಿದಿರುತ್ತದೆ, ಮೂಸಿದರೇ ತಿಳಿಯುತ್ತದೆ. ಗಾಳಿ ಒತ್ತಿ ತುಂಬಿದ ತಗಡಿನ ಡಬ್ಬಿಯಲ್ಲಿ ಬರುವ ಲಾನ್ ಟೆನ್ನಿಸ್ ಬಾಲನ್ನು ‘ದುಬಾರಿ ಅಂದರೆ ಒಳ್ಳೇದೇ ಇರಬೇಕು’ ಎಂದು ಕೊಳ್ಳಬೇಡಿ. ಡಬ್ಬಿ ತೆರೆದ ಕೆಲವೇ ವಾರಗಳಲ್ಲಿ ಅದರ ಗಾಳಿ ಸೋರಿ ಪುಟಿತ ಸಾಯುತ್ತದೆ. ನಮಗೆ ಬೇಕಾದದ್ದು ರಬ್ಬರಿನ ದಪ್ಪದಿಂದಲೇ ಪುಟಿಯುವ ಬಾಲು. ಸಾಗರದ ಮಾರಿಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ರಾಶಿ ಹಾಕಿ ಮಾರುವ ಬಣ್ಣದ ಬಾಲುಗಳು ಅಂಗಳದ ಆಟಕ್ಕೆ ಸರಿ, ಮ್ಯಾಚಿಗಲ್ಲ.

ಬಣ್ಣ ನಿಮ್ಮಿಷ್ಟ ಅಂತ ಅಂದುಕೊಳ್ಳಬೇಡಿ. ಹೊಳೆಯುವ ಹಳದಿ ಕಣ್ಣಿಗೆ ಬೇಗ ಬೀಳುತ್ತದೆ ಅಂತಲೇ 1972ರಲ್ಲಿ ಟೆನ್ನಿಸ್ಸಿನವರು ಹಳದಿ ಬಾಲನ್ನು ನಿಯಮಕ್ಕೆ ಸೇರಿಸಿದ್ದು. ಹಗಲಿನ ಆಟಕ್ಕೆ ಕೆಂಪೂ ನಡೆಯುತ್ತದೆ. ಹೊನಲು ಬೆಳಕಿನ ಪಂದ್ಯಕ್ಕೆ ಮಾತ್ರ ಹಳದಿಯೇ ಇರಲಿ. ನಾಲ್ಕು ಕಂಬದ ದೀಪದಲ್ಲಿ, ಸುತ್ತ ಅಡಿಕೆ ತೋಟದ ಕತ್ತಲೆ ಇರುವಾಗ ಕೆಂಪು ಬಾಲು ಮುಖದ ಹತ್ತಿರ ಬರುವ ತನಕ ಕಾಣುವುದಿಲ್ಲ.

ಕಣ್ಣಿನ ವಿಷಯ ಹಗುರ ಮಾಡಬೇಡಿ

ಟೆನ್ನಿಸ್ ಬಾಲು ತಾನೇ, ಪೆಟ್ಟಾದರೂ ಎಷ್ಟಾದೀತು ಎನ್ನುವವರೇ ಹೆಚ್ಚು. ಮೈಗೆ ಬಿದ್ದರೆ ಚುರುಕ್ ಅಂದು ಹೋಗಬಹುದು, ಕಣ್ಣಿನ ಮಾತೇ ಬೇರೆ. ಚರ್ಮದ ಗಟ್ಟಿ ಬಾಲನ್ನು ಹುಬ್ಬು, ಕೆನ್ನೆಯ ಎಲುಬು ಒಂದಿಷ್ಟು ತಡೆಯುತ್ತವೆ. ಮೆತ್ತನೆಯ ಬಾಲು ಅಪ್ಪಚ್ಚಿಯಾಗಿ ಕಣ್ಣಿನ ಗೂಡಿನೊಳಗೇ ಒತ್ತುತ್ತದೆ. ಸಣ್ಣ ರಬ್ಬರ್ ಬಾಲಂತೂ ಇನ್ನೂ ಅಪಾಯ. ಕಣ್ಣೊಳಗೆ ರಕ್ತ ಇಳಿಯಬಹುದು, ಒಳಪರದೆ ಹರಿಯಬಹುದು.

ಪೆಟ್ಟು ಬಿದ್ದ ಮೇಲೆ ದೃಷ್ಟಿ ಮಬ್ಬಾದರೆ, ಕರಿಗುಡ್ಡೆಯ ಮುಂದೆ ಕೆಂಪು ಕಂಡರೆ, ಮಿಂಚು ಹೊಡೆದಂತೆ ಅಥವಾ ಒಂದು ಕಡೆಯಿಂದ ಪರದೆ ಇಳಿದಂತೆ ಅನ್ನಿಸಿದರೆ ‘ನಾಳೆ ನೋಡೋಣ’ ಎನ್ನಬೇಡಿ. ಅವತ್ತೇ ತಾಲ್ಲೂಕು ಆಸ್ಪತ್ರೆಗೆ, ಅವರು ಹೇಳಿದರೆ ಶಿವಮೊಗ್ಗದ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಕಣ್ಣು ತಿಕ್ಕುವುದು, ಬಟ್ಟೆ ಬಿಸಿ ಮಾಡಿ ಒತ್ತುವುದು, ನಂದಿಬಟ್ಟಲು ಹೂವಿನ ರಸ ಹಿಂಡುವುದು ಯಾವುದೂ ಬೇಡ. ಕನ್ನಡಕ ಹಾಕುವ ಮಕ್ಕಳು ಗಾಜಿನ ಕನ್ನಡಕದಲ್ಲಿ ಆಡುವುದು ಬೇಡ. ಪಾಲಿಕಾರ್ಬೊನೇಟ್ ಅಂತ ಕೇಳಿ ಮಾಡಿಸಿ.

ಹೆಸರು ಸಾಫ್ಟು, ಬಾಲು ಗಟ್ಟಿ

ಶಾಲೆ, ಕಾಲೇಜಿನ ಕ್ರೀಡಾಕೂಟಕ್ಕೆ ಹುಡುಗಿಯರು ‘ಸಾಫ್ಟ್‌ಬಾಲ್’ ಆಡುತ್ತೇವೆ ಎಂದರೆ ಅದು ಬೇರೆಯೇ ಆಟ, ಬೇಸ್‌ಬಾಲಿನ ತಂಗಿ. 1887ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಒಂದು ಬಾಕ್ಸಿಂಗ್ ಗ್ಲೌಸನ್ನು ಉಂಡೆ ಕಟ್ಟಿ ಆಡಿದ್ದರಿಂದ ಹುಟ್ಟಿಕೊಂಡದ್ದಂತೆ. ಈಗಿನ ಬಾಲು ಮಾತ್ರ ಮೆತ್ತಗೇನೂ ಇಲ್ಲ. ಸುತ್ತಳತೆ 12 ಇಂಚು, ತೂಕ ಸುಮಾರು 178ರಿಂದ 198 ಗ್ರಾಂ, ಕ್ರಿಕೆಟ್ ಬಾಲಿಗಿಂತಲೂ ಭಾರ! ಗ್ಲೌಸ್ ಇಲ್ಲದೆ ಹಿಡಿಯಲು ಬಿಡಬೇಡಿ. ಕೊಳ್ಳುವಾಗ ಬಾಲಿನ ಮೇಲೆ .47 ಮತ್ತು 375 ಎಂಬ ಅಂಕಿಗಳಿವೆಯೇ ನೋಡಿ. ಮೊದಲನೆಯದು ಪುಟಿತದ ಅಳತೆ. ಎರಡನೆಯದು ಬಾಲನ್ನು ಕಾಲಿಂಚು ಅದುಮಲು ಎಷ್ಟು ಪೌಂಡು ಬಲ ಬೇಕು ಎಂಬುದು. ಮೇಲುಹೊದಿಕೆ ಚರ್ಮದ್ದಾದರೆ ಹಿಡಿತ ಚೆನ್ನ, ಆದರೆ ನೀರು ಕುಡಿಯುತ್ತದೆ. ನಮ್ಮ ಒದ್ದೆ ನೆಲಕ್ಕೆ, ದಿನದ ಅಭ್ಯಾಸಕ್ಕೆ ಸಿಂಥೆಟಿಕ್ ಹೊದಿಕೆಯದ್ದು ತಗೊಂಡು, ಚರ್ಮದ್ದನ್ನು ಪಂದ್ಯಕ್ಕೆ ಇಟ್ಟುಕೊಳ್ಳುವುದು ಜಾಣತನ.

ಎಷ್ಟು ಬೇಕು, ಹೇಗೆ ಇಡಬೇಕು?

16 ತಂಡದ ನಾಕೌಟ್ ಅಂದರೆ 15 ಪಂದ್ಯ. 6 ತಂಡ ಲೀಗ್ ಮಾದರಿಯಲ್ಲಿ ಎಲ್ಲರೂ ಎಲ್ಲರ ಮೇಲೆ ಆಡಿದರೂ 15, ಅದರ ಮೇಲೆ ಸೆಮಿಫೈನಲ್, ಫೈನಲ್ ಸೇರಿ 18. ಪಂದ್ಯಕ್ಕೊಂದರಂತೆ ಕೊಟ್ಟರೂ, ತೋಟದ ಅಗಳಕ್ಕೆ ಬಿದ್ದು ಮಾಯವಾಗುವುದು, ಒಡೆಯುವುದು ಎಲ್ಲ ಲೆಕ್ಕ ಹಾಕಿದರೆ ಎರಡು ಡಜನ್ ಬೇಕೇ ಬೇಕು. ಎಲ್ಲವನ್ನೂ ಒಂದೇ ಕಂಪೆನಿಯದ್ದು, ಒಂದೇ ಪೆಟ್ಟಿಗೆಯದ್ದು ತನ್ನಿ. ಅರ್ಧ ಅಲ್ಲಿಂದ ಅರ್ಧ ಇಲ್ಲಿಂದ ತಂದರೆ ಮತ್ತೆ ಅದೇ ತಕರಾರು. ಬಾಲು ಒಡೆದಾಗ ಹೊಸತು ಕೊಡಬೇಕಾ, ಅಷ್ಟೇ ಹಳೆಯದು ಕೊಡಬೇಕಾ ಎಂಬುದನ್ನು ಟಾಸ್ ಹಾಕುವ ಮೊದಲೇ ಹೇಳಿಬಿಡಿ.

ದುಡ್ಡಿನ ಲೆಕ್ಕವೂ ಹೀಗೇ. ಒಂದು ಬಾಲಿಗೆ 40 ರೂಪಾಯಿ, ಬಾಳುವುದು 5 ಓವರ್. ಇನ್ನೊಂದಕ್ಕೆ 60, ಬಾಳುವುದು 12 ಓವರ್ ಅಂದುಕೊಳ್ಳಿ. ಓವರಿಗೆ ಮೊದಲನೆಯದು 8 ರೂಪಾಯಿ, ಎರಡನೆಯದು 5. ಅಗ್ಗ ಯಾವುದು?

ರಾತ್ರಿ ಇಬ್ಬನಿಗೆ ಬಾಲು ನೆನೆದು ಭಾರವಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸುತ್ತಾ ಇರಲು ಅಂಪೈರಿಗೆ ಒಂದು ಹಳೆ ಪಂಚೆ ತುಂಡು ಕೊಡಿ. ಒದ್ದೆ ಬಾಲನ್ನು ಒಲೆ ಮೇಲಿನ ಅಟ್ಟದಲ್ಲೋ, ಅಡಿಕೆ ಒಣಹಾಕಿದ ಬಿಸಿಲಿನಲ್ಲೋ ಇಡುವುದು ನಮ್ಮಲ್ಲಿ ಅಭ್ಯಾಸ. ಶಾಖಕ್ಕೆ ರಬ್ಬರ್ ಬಿರುಸಾಗಿ ಬಿರುಕು ಬಿಡುತ್ತದೆ, ನೆರಳಿನ ಗಾಳಿಯೇ ಸಾಕು. ಸೀಮೆಎಣ್ಣೆ, ಪೆಟ್ರೋಲು, ಪಂಪ್‌ಸೆಟ್ಟಿನ ಆಯಿಲ್ ತಾಗಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ, ಹಾಗಾಗಿ ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ಮಳೆ ಶುರುವಾಗುವ ಮೊದಲು ಉಳಿದ ಬಾಲುಗಳನ್ನು ಚೆನ್ನಾಗಿ ಒಣಗಿಸಿ, ಹಪ್ಪಳ ಸಂಡಿಗೆ ಇಡುವ ಹಾಗೆ ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿಡಿ. ರೋಮ ಹೋದ ಬಾಲಿಗೆ ಇನ್ಸುಲೇಷನ್ ಟೇಪ್ ಸುತ್ತಿ ಕೊಟ್ಟರೆ ಮಕ್ಕಳಿಗೆ ಅಂಗಳದಲ್ಲಿ ಇನ್ನೊಂದು ತಿಂಗಳು ಬರುತ್ತದೆ. ಕಿಟಕಿ ಗಾಜಿನ ಜವಾಬ್ದಾರಿ ಮಾತ್ರ ನಿಮ್ಮದೇ!